ಡಸ್ಟ್ 2: ಗೋಡೆಗೆ ಹೊಸ ಬಣ್ಣ, ಆಟಕ್ಕೆ ಏನು?

ಹಳೆಯ ಕಂಪ್ಯೂಟರ್ ಆಟವೊಂದರ ಗ್ರಾಫಿಕ್ಸ್ ಸುಧಾರಿಸಿ ಮತ್ತೆ ಬಿಟ್ಟಾಗ ಅದರ ಬಗ್ಗೆ ಬರುವ ಬರಹಗಳಲ್ಲಿ ಒಂದು ಜೋಡಿ ಚಿತ್ರ ಇದ್ದೇ ಇರುತ್ತದೆ. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು, ಬ್ಯೂಟಿ ಪಾರ್ಲರಿನ ಜಾಹೀರಾತಿನಂತೆ. ನೋಡಿದವರು ಬಲಗಡೆಯದಕ್ಕೆ ತಲೆದೂಗದೆ ಇರುವುದು ಕಷ್ಟ. ಆದರೆ ಆನ್‌ಲೈನ್ ಆಟವನ್ನು ಹೀಗೆ ನಿಂತ ಚಿತ್ರದಲ್ಲಿ ಅಳೆಯುವುದೆಂದರೆ ವೇಷ ಕಟ್ಟಿದ ಫೋಟೋ ನೋಡಿ ಯಕ್ಷಗಾನದ ವಿಮರ್ಶೆ ಬರೆದ ಹಾಗೆ. ಕುಣಿತ ಇಲ್ಲ, ಚೆಂಡೆ ಇಲ್ಲ, ಎದುರು ಪಾತ್ರಧಾರಿಯೂ ಇಲ್ಲ.

ನಾನು ಬರೆಯಹೊರಟಿರುವುದು ಕೌಂಟರ್ ಸ್ಟ್ರೈಕ್ ಬಗ್ಗೆ, ಅದರಲ್ಲೂ ಡಸ್ಟ್ 2 ಎಂಬ ಅದರ ಒಂದು ಭೂಪಟದ ಬಗ್ಗೆ. ಆಡದವರಿಗೆ ಎರಡು ಮಾತು. ಐದು ಜನರ ಎರಡು ತಂಡ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಸತ್ತವರು ಆ ಸುತ್ತು ಮುಗಿಯುವವರೆಗೆ ಸುಮ್ಮನೆ ಕೂತು ನೋಡಬೇಕು. ಡಸ್ಟ್ 2 ಮರಳು ಬಣ್ಣದ ಒಂದು ಊರು: ಬಾಂಬ್ ಇಡಲು ಎ, ಬಿ ಎಂಬ ಎರಡು ಜಾಗ, ನಡುವೆ ಜೋಡಿ ಬಾಗಿಲು, ಒಂದು ಕಡೆ ಉದ್ದನೆಯ ಓಣಿ, ಇನ್ನೊಂದು ಕಡೆ ಕತ್ತಲೆಯ ಸುರಂಗ. ಡೇವ್ ಜಾನ್‌ಸ್ಟನ್ ಎಂಬ ಇಂಗ್ಲೆಂಡಿನ ಹುಡುಗ 2001ರಲ್ಲಿ ಅದನ್ನು ಮಾಡಿದ. ಕೌಂಟರ್ ಸ್ಟ್ರೈಕ್ ಕೂಡ ಶುರುವಾದದ್ದು 1999ರಲ್ಲಿ, ಹಾಫ್ ಲೈಫ್ ಎಂಬ ಬೇರೊಂದು ಆಟದ ಮೇಲೆ ಹವ್ಯಾಸಿಗಳು ಕಟ್ಟಿದ ಅಟ್ಟವಾಗಿ.

ನಮ್ಮ ಎಂಟೆಕ್ ಹಾಸ್ಟೆಲ್ಲಿನಲ್ಲಿ ಓಡುತ್ತಿದ್ದದ್ದು 2003ರ 1.6 ಆವೃತ್ತಿ. ಲ್ಯಾನ್ ಕೇಬಲ್ಲುಗಳು ಕಿಟಕಿಯಿಂದ ಕಿಟಕಿಗೆ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಹಾಯ್ದಿದ್ದವು. ಅದರ ಗೋಡೆಗಳು ಚಪ್ಪಟೆ, ನೆರಳುಗಳು ಮೊದಲೇ ಬಳಿದಿಟ್ಟವು, ಸೂರ್ಯನಿಗೂ ಅವಕ್ಕೂ ಆಟದ ಹೊತ್ತಿನಲ್ಲಿ ಸಂಬಂಧವಿಲ್ಲ. ನೆರೂಳಿನಲ್ಲಿರುವ ಅಕ್ಕನ ಮಗ ಈಚೆಗೆ ಅದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿ, "ಮಾವ, ಇದು ಇನ್ನೂ ಪೂರ್ತಿ ಲೋಡ್ ಆಗಿಲ್ವಾ?" ಎಂದು ಕೇಳಿದ. ಅವನ ಪ್ರಶ್ನೆ ಸರಿಯಾದದ್ದೇ. ಆದರೆ ಆ ಚಪ್ಪಟೆ ಗೋಡೆಯ ಮುಂದೆ ಒಬ್ಬ ಮನುಷ್ಯ ಅಲುಗಾಡಿದರೆ ತಕ್ಷಣ ಕಾಣುತ್ತಿತ್ತು. ಕಣ್ಣಿಗೆ ಬೇರೆ ಕೆಲಸವೇ ಇರಲಿಲ್ಲ.

ಆನ್‌ಲೈನ್ ಆಟದ ಗ್ರಾಫಿಕ್ಸ್ ಬಗ್ಗೆ ಮಾತಾಡುವಾಗ ನಾವು ಮರೆಯುವುದು ಇದನ್ನೇ. ಅಲ್ಲಿ ಚಿತ್ರವೂ ಆಟದ ನಿಯಮದ ಒಂದು ಭಾಗ. ನಮ್ಮ ಕಪ್ಪು ಬಿಳುಪು ಸಿನಿಮಾಗಳಿಗೆ ಬಣ್ಣ ಹಾಕಿದ್ದು ನೆನಪಿರಬಹುದು. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣದಲ್ಲಿ ಬಂತು, 1971ರ 'ಕಸ್ತೂರಿ ನಿವಾಸ' 2014ರಲ್ಲಿ. ನನಗೆ ಎರಡೂ ಕಪ್ಪು ಬಿಳುಪಿನಲ್ಲೇ ಇಷ್ಟ. ಮಸಣದ ಕತ್ತಲೆಗೆ ಬಣ್ಣ ಯಾಕೆ ಬೇಕು ಎಂದು ಇವತ್ತಿಗೂ ಕೇಳುತ್ತೇನೆ. ಆದರೆ ಬಣ್ಣ ಹಾಕಿದ್ದರಿಂದ ಹರಿಶ್ಚಂದ್ರ ಮಸಣ ಕಾಯುವುದು ತಪ್ಪಲಿಲ್ಲ, ರಾಜಕುಮಾರ್ ಒಂದು ಹೆಜ್ಜೆ ಬೇರೆ ಕಡೆ ಇಡಲಿಲ್ಲ. ಡಸ್ಟ್ 2ರ ಸುರಂಗದಲ್ಲಿ ಬೆಳಕು ಒಂದು ಪಾವು ಹೆಚ್ಚಾದರೆ ಅಲ್ಲಿ ಹದಿನೈದು ವರ್ಷದಿಂದ ಕಾದು ಕೂರುತ್ತಿದ್ದವನು ಅಂದೇ ಸಾಯುತ್ತಾನೆ. ಸಿನಿಮಾಗೆ ಬಣ್ಣ ಹಾಕಿದವರಿಗೆ ಇರದ ಈ ಜವಾಬ್ದಾರಿ ಆಟಕ್ಕೆ ಬಣ್ಣ ಹಾಕುವವರಿಗೆ ಇದೆ. ಬಯಲಾಟಕ್ಕೆ ಬೆಳಕು ಹಾಕುವವರ ಕೆಲಸ ಇದಕ್ಕೆ ಹತ್ತಿರದ್ದು. ದೀವಟಿಗೆ ಹೋಗಿ ಗ್ಯಾಸ್‌ಲೈಟ್, ಅದು ಹೋಗಿ ಟ್ಯೂಬ್‌ಲೈಟ್, ಹ್ಯಾಲೋಜನ್ ಬಂತು. ರಾಕ್ಷಸನ ಮುಖದ ಚುಟ್ಟಿ ಈಗ ಕೊನೆಯ ಸಾಲಿಗೂ ಕಾಣುತ್ತದೆ. ಅವನು ಕತ್ತಲೆಯೊಳಗಿಂದ ಬರುತ್ತಿದ್ದದ್ದು ಮಾತ್ರ ಹೋಯಿತು.

ವಾಲ್ವ್ ಕಂಪನಿ ಡಸ್ಟ್ 2ನ್ನು ಹಲವು ಸಲ ಹೊಸದಾಗಿ ಬರೆಸಿದೆ. 2004ರ ಕೌಂಟರ್ ಸ್ಟ್ರೈಕ್ ಸೋರ್ಸ್‌ನಲ್ಲಿ ಒಮ್ಮೆ, 2012ರ ಗ್ಲೋಬಲ್ ಅಫೆನ್ಸಿವ್‌ನಲ್ಲಿ ಇನ್ನೊಮ್ಮೆ. ಸೋರ್ಸ್ ನೋಡಲು ಚೆಂದವಿತ್ತು, ಪೀಪಾಯಿಗಳು ಗುಂಡು ತಗುಲಿದರೆ ಉರುಳುತ್ತಿದ್ದವು. ಆದರೂ ಪಂದ್ಯಗಳಲ್ಲಿ ಆಡುವವರು ಬಹುಪಾಲು 1.6ರಲ್ಲೇ ಉಳಿದರು. ವರ್ಷಗಟ್ಟಲೆ ಒಂದೇ ಊರಿನ ಜನ ಎರಡು ಪಾಳಿಯಾದರು. ನನ್ನ ಲೆಕ್ಕದಲ್ಲಿ ನಿಜವಾದ ತಿಳಿವಳಿಕೆ ಬಂದದ್ದು 2017ರಲ್ಲಿ. ಆ ವರ್ಷ ಡಸ್ಟ್ 2ನ್ನು ಸ್ಪರ್ಧೆಯ ಪಟ್ಟಿಯಿಂದ ತೆಗೆದು, ಅಕ್ಟೋಬರಿನಲ್ಲಿ ಮತ್ತೆ ಬರೆದು ಬಿಟ್ಟರು. ಅಲ್ಲಿ ಗುರಿ ಅಂದ ಹೆಚ್ಚಿಸುವುದಷ್ಟೇ ಆಗಿರಲಿಲ್ಲ, ಗೋಡೆಯಿಂದ ಮನುಷ್ಯನನ್ನು ಬೇರ್ಪಡಿಸಿ ತೋರಿಸುವುದೂ ಆಗಿತ್ತು. ಮೂಲೆಗಳ ಗೊಂದಲ ಕಡಿಮೆಯಾಯಿತು. 1.6ಗೆ ಬಡತನದಿಂದ ಬಂದಿದ್ದ ಗುಣವನ್ನು ಇವರು ದುಡ್ಡು ಖರ್ಚು ಮಾಡಿ ಸಂಪಾದಿಸಿದರು ಎಂದು ನಾನು ಆಗ ತಮಾಷೆ ಮಾಡುತ್ತಿದ್ದೆ.

ಆಮೇಲೆ ಸೆಪ್ಟೆಂಬರ್ 2023ರಲ್ಲಿ ಕೌಂಟರ್ ಸ್ಟ್ರೈಕ್ 2 ಬಂತು. ಮಾರ್ಚಿನಲ್ಲಿ ಪರೀಕ್ಷೆಗೆ ಬಿಟ್ಟಾಗ ಮೊದಲು ಕೊಟ್ಟದ್ದು ಡಸ್ಟ್ 2ನ್ನೇ. ಹಳೆಯ ಭೂಪಟಗಳನ್ನು ವಾಲ್ವ್ ಮೂರು ಬಗೆ ಮಾಡಿತ್ತು: ಪೂರ್ತಿ ಕೆಡವಿ ಕಟ್ಟಿದವು, ಬೆಳಕು ಮತ್ತು ಮೇಲ್ಮೈ ಬದಲಿಸಿದವು, ಹೆಚ್ಚು ಮುಟ್ಟದೆ ಬಿಟ್ಟವು. ಡಸ್ಟ್ 2 ಮೂರನೆಯ ಗುಂಪಿನಲ್ಲಿ. ಅದಕ್ಕಿಟ್ಟ ಹೆಸರು ಟಚ್‌ಸ್ಟೋನ್, ಅಂದರೆ ಒರೆಗಲ್ಲು. ಕಾರಣವೂ ಹೆಸರಿನಲ್ಲೇ ಇದೆ. ಆಟದಲ್ಲಿ ಬೇರೆ ಏನೇನು ಬದಲಾಗಿದೆ ಎಂದು ತಿಳಿಯಲು ಆಟಗಾರನಿಗೆ ಬದಲಾಗದ ಒಂದು ಜಾಗ ಬೇಕು. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಇದಕ್ಕೆ ನನ್ನ ಪೂರ್ತಿ ಅಂಕ. ಹಸಿರು ಅಕ್ಷರದ ಹಳೆಯ ಪರದೆಯಲ್ಲಿ ಕಣ್ಣು ಮುಚ್ಚಿ ಟ್ಯಾಬ್ ಒತ್ತಿ ಕೆಲಸ ಮಾಡುತ್ತಿದ್ದ ಗುಮಾಸ್ತರಿಗೆ ಹೊಸ ಪರದೆ ಕೊಟ್ಟ ಯೋಜನೆಗಳಲ್ಲಿ ನಾನೂ ಇದ್ದೇನೆ. ಬಣ್ಣದ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಬೆರಳಿಗೆ ಗೊತ್ತಿದ್ದ ದಾರಿ ತಪ್ಪಿತೆಂದು ಸಿಟ್ಟಾಗುತ್ತಾರೆ.

ನಮ್ಮ ಸೀವುಡ್ಸ್ ಸ್ಟೇಷನ್ನನ್ನೇ ನೋಡಿ. ಅದರ ತಲೆಯ ಮೇಲೆ ಒಂದು ಮಾಲ್ ಕೂತಿದೆ. ಗಾಜು, ದೀಪ, ಎಸ್ಕಲೇಟರ್ ಎಲ್ಲ ಬಂದರೂ ಹಾರ್ಬರ್ ಲೈನಿನ ಗಾಡಿ ಅದೇ ಹಳಿಯ ಮೇಲೆ ಓಡುತ್ತಿದೆ, ಪನ್ವೇಲ್ ಆ ಕಡೆಯೇ, ಸಿಎಸ್‌ಎಂಟಿ ಈ ಕಡೆಯೇ. ಡಸ್ಟ್ 2ರಲ್ಲಿ ಆದದ್ದೂ ಇಷ್ಟು, ಒಂದು ವಿಷಯ ಬಿಟ್ಟು.

ಆ ಒಂದು ವಿಷಯ ಹೊಗೆ. ಹಿಂದೆ ಹೊಗೆ ಬಾಂಬ್ ಎಸೆದರೆ ಏಳುತ್ತಿದ್ದದ್ದು ಬೂದು ಬಣ್ಣದ ಚಪ್ಪಟೆ ಚಿತ್ರಗಳ ರಾಶಿ. 1.6ರಲ್ಲಿ ಬಣ್ಣದ ಗುಣಮಟ್ಟ ಇಳಿಸಿಕೊಂಡರೆ ಅದರಾಚೆ ತುಸು ಕಾಣುತ್ತದೆ ಎಂಬ ಮಾತು ಹಾಸ್ಟೆಲ್ಲಿನಲ್ಲಿ ಓಡಾಡುತ್ತಿತ್ತು, ಕೆಲವರು ಹಾಗೆ ಮಾಡಿಕೊಂಡೂ ಇದ್ದರು. ಹೊಸ ಆಟದಲ್ಲಿ ಹೊಗೆಗೆ ಗಾತ್ರವಿದೆ. ಜೋಡಿ ಬಾಗಿಲ ಹತ್ತಿರ ಎಸೆದರೆ ಸಂದಿಯಲ್ಲಿ ನುಗ್ಗಿ ಆಚೆಗೂ ತುಂಬಿಕೊಳ್ಳುತ್ತದೆ. ಬಿಸಿಲಿದ್ದ ಕಡೆ ಬೆಳಗುತ್ತದೆ. ಗುಂಡು ಹಾರಿಸಿದರೆ ಅದರೊಳಗೆ ಕ್ಷಣ ಹೊತ್ತು ತೂತು ಬೀಳುತ್ತದೆ, ಗ್ರೆನೇಡ್ ಎಸೆದರೆ ಇಡೀ ಮೋಡ ಸರಿದು ಮತ್ತೆ ಕೂಡಿಕೊಳ್ಳುತ್ತದೆ. ಆ ಸರಿದ ಒಂದೆರಡು ಸೆಕೆಂಡಿನಲ್ಲಿ ಆಚೆ ನಿಂತವನು ನಿಮಗೆ ಕಾಣುತ್ತಾನೆ, ನೀವೂ ಅವನಿಗೆ. ನಾನು ಕಂಡ ಗ್ರಾಫಿಕ್ಸ್ ಸುಧಾರಣೆಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಇಲ್ಲಿ ಚಿತ್ರ ಸುಧಾರಿಸಿದ್ದರಿಂದ ಆಟಕ್ಕೊಂದು ಹೊಸ ಕ್ರಿಯಾಪದ ಸಿಕ್ಕಿತು. ಉಳಿದ ಹೊಳಪು, ನೀರಿನ ಪ್ರತಿಬಿಂಬ, ಗೋಡೆಯ ಬಿರುಕು, ಇವುಗಳ ಬಗ್ಗೆ ಹೆಚ್ಚು ಹೇಳಲಾರೆ. ಅತ್ಯುತ್ತಮ ಆಟಗಾರರಲ್ಲಿ ಎಷ್ಟೋ ಮಂದಿ ಇವತ್ತಿಗೂ 1280 × 960ಕ್ಕೆ ಇಳಿಸಿ, ಪರದೆಯನ್ನು ಅಡ್ಡಕ್ಕೆ ಎಳೆದುಕೊಂಡು ಆಡುತ್ತಾರೆ.

ಚಿತ್ರ ಬದಲಿಸುವುದಕ್ಕಿಂತ ನನಗೆ ಹೆಚ್ಚು ತೊಡಕಾಗಿ ಕಾಣುವುದು ಹಳೆಯ ಬಾಗಿಲಿಗೆ ಬೀಗ ಹಾಕುವುದು. 2017ರಲ್ಲಿ ಸ್ಟಾರ್‌ಕ್ರಾಫ್ಟ್ ರಿಮಾಸ್ಟರ್ಡ್ ಬಂದಾಗ ಎಫ್5 ಒತ್ತಿದರೆ ಸಾಕು, ಆಡುತ್ತಿರುವಾಗಲೇ 1998ರ ಚಿತ್ರ ಮರಳುತ್ತಿತ್ತು. ಅದೇ ಬ್ಲಿಝಾರ್ಡ್ 2020ರ ಜನವರಿಯಲ್ಲಿ ವಾರ್‌ಕ್ರಾಫ್ಟ್ 3 ರಿಫೋರ್ಜ್ಡ್ ತಂದಾಗ ಹಳೆಯ ಆಟ ಕೊಂಡಿದ್ದವರ ಮೇಲೂ ಹೊಸ ತಂತ್ರಾಂಶ ಹೇರಿತು, ಜನ ರೇಗಿದರು, ದುಡ್ಡು ವಾಪಸು ಕೊಡಬೇಕಾಯಿತು. ರೂನ್‌ಸ್ಕೇಪ್ ಕತೆ ಇನ್ನೂ ವಿಚಿತ್ರ. 2013ರಲ್ಲಿ ಜಾಗೆಕ್ಸ್ ಕಂಪನಿ ಆಟಗಾರರ ಮತ ಕೇಳಿ, 2007ರ ಹಳೆಯ ಪ್ರತಿಯನ್ನೇ ಹೊರತೆಗೆದು ಮತ್ತೆ ಓಡಿಸಿತು. ಹಳತು ಬೇಕು ಎಂದು ಅಲ್ಲಿಗೆ ಹೋದವರಲ್ಲೇ ಒಬ್ಬ ಸುಮಾರು ಎರಡು ವರ್ಷ ಕೂತು ಅದಕ್ಕೆ ಹೊಸ ಬೆಳಕು, ನೆರಳು, ನೀರು ಬರೆದ. ಅದರ ಹೆಸರು 117ಎಚ್‌ಡಿ. 2021ರ ಸೆಪ್ಟೆಂಬರಿನಲ್ಲಿ, ಇನ್ನೇನು ಬಿಡುಗಡೆ ಆಗಬೇಕು ಎನ್ನುವಾಗ, ಜಾಗೆಕ್ಸ್ ಬೇಡವೆಂದಿತು. ಆಟಗಾರರು ಆಟದೊಳಗೇ ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ರಾಜಿಯಾಗಿ ಅದು ಹೊರಬಂತು. ನನಗೆ ಅದರ ವ್ಯವಸ್ಥೆ ಇಷ್ಟ. ಹೊಸ ನೋಟ ಬೇಕಾದವರ ಪರದೆಯಲ್ಲಿ ಮಾತ್ರ ಹೊಸತು, ಅದೇ ಕೆರೆಯಲ್ಲಿ ಪಕ್ಕ ಕೂತು ಮೀನು ಹಿಡಿಯುವವನ ಪರದೆಯಲ್ಲಿ ಹಳೆಯದು. ಕೆರೆ ಒಂದೇ, ಮೀನೂ ಒಂದೇ.

ಕೌಂಟರ್ ಸ್ಟ್ರೈಕ್ 2 ಈ ದಾರಿ ಹಿಡಿಯಲಿಲ್ಲ. ಹೊಗೆಯೇ ನಿಯಮವಾದ ಮೇಲೆ ಒಬ್ಬನಿಗೆ ಹಳೆಯ ಹೊಗೆ, ಇನ್ನೊಬ್ಬನಿಗೆ ಹೊಸದು ಕೊಡಲು ಆಗುವುದಿಲ್ಲ, ಅದು ಅರ್ಥವಾಗುತ್ತದೆ. ಆದರೆ ಗ್ಲೋಬಲ್ ಅಫೆನ್ಸಿವ್ ಇದ್ದ ಜಾಗದಲ್ಲೇ ಇದನ್ನು ಕೂರಿಸಿದರು. ಹಳೆಯದರ ಒಂದು ಪ್ರತಿ ಹುಡುಕಿದರೆ ಸಿಗುತ್ತದೆ, ಅದಕ್ಕೆ ಜನವರಿ 1, 2024ರಿಂದ ಬೆಂಬಲವಿಲ್ಲ. ಮ್ಯಾಕ್, ಡೈರೆಕ್ಟ್‌ಎಕ್ಸ್ 9, 32 ಬಿಟ್ ವ್ಯವಸ್ಥೆ, ಮೂರನ್ನೂ ಕೈಬಿಟ್ಟರು. ಅಂಥವರು ಶೇಕಡಾ ಒಂದಕ್ಕಿಂತ ಕಡಿಮೆ ಎಂಬುದು ವಾಲ್ವ್ ಕೊಟ್ಟ ಲೆಕ್ಕ. ನನ್ನ ಕೆಲಸದಲ್ಲಿ ನಾನೂ ಅಂಥ ಸಾಲುಗಳನ್ನು ಸ್ಲೈಡಿನಲ್ಲಿ ಹಾಕುತ್ತೇನೆ, ಯಾರೂ ಪ್ರಶ್ನೆ ಕೇಳುವುದಿಲ್ಲ.

ಆ ಒಂದರೊಳಗಿನ ಒಬ್ಬ ನನ್ನ ಹಾಸ್ಟೆಲ್ ಗೆಳೆಯ. ಡೊಂಬಿವ್ಲಿಯಲ್ಲಿ ಇರುತ್ತಾನೆ, ಮನೆಯಲ್ಲಿ ಹಳೆಯ ಮ್ಯಾಕ್ ಒಂದೇ. ಹತ್ತು ವರ್ಷ ಶುಕ್ರವಾರ ರಾತ್ರಿ ನಾವು ಐದು ಜನ ಗ್ಲೋಬಲ್ ಅಫೆನ್ಸಿವ್‌ನಲ್ಲಿ ಸೇರುತ್ತಿದ್ದೆವು, ಅವನದು ಯಾವಾಗಲೂ ಸುರಂಗದ ಕಡೆ. ಹೊಸ ಆಟ ಬಂದ ಮೇಲೆ ಕೆಲವು ವಾರ ಅವನು ಫೋನಿನಲ್ಲಿ ನಮ್ಮ ಜೊತೆ ಇದ್ದು ಕೇಳಿಸಿಕೊಳ್ಳುತ್ತಿದ್ದ, ಮಧ್ಯೆ "ಬಾಗಿಲ ಹತ್ರ ಒಬ್ಬ ಇರ್ತಾನೆ ನೋಡೋ" ಎನ್ನುತ್ತಿದ್ದ. ಅವನು ಹೇಳಿದ ಕಡೆ ಹೆಚ್ಚಾಗಿ ಒಬ್ಬ ಇರುತ್ತಲೂ ಇದ್ದ. ಆಮೇಲೆ ಫೋನೂ ನಿಂತಿತು. ಈಗ ಸುರಂಗದ ಕಡೆ ಅಕ್ಕನ ಮಗ ನಿಲ್ಲುತ್ತಾನೆ. ಕೈ ಚುರುಕು, ಹೊಗೆಯನ್ನು ನನಗಿಂತ ಚೆನ್ನಾಗಿ ಓದುತ್ತಾನೆ.