ಟೆಸ್ಟರ್ ಎಂಬ ಜಾಣ ಸಾಧನ
ವಕೀಲರಿರಲಿ, ಡಾಕ್ಟರಿರಲಿ, ಕರೆಂಟಿದೆಯೇ ಎಂದು ತೋರಿಸುವ ಟೆಸ್ಟರ್ ಬಳಸಲು ಎಲ್ಲರೂ ಕಲಿಯಬೇಕು. ಪಾರದರ್ಶಕ ಹಿಡಿಯೊಳಗೆ ಪುಟ್ಟ ನಿಯಾನ್ ಬಲ್ಬು, ಒಂದು ರೆಸಿಸ್ಟರ್, ಒಂದು ಸ್ಪ್ರಿಂಗ್, ಇಷ್ಟೇ. ತುದಿಯನ್ನು ಸಾಕೆಟ್ಟಿನ ಬಲಗಡೆಯ ಫೇಸ್ ತೂತಿಗೆ ಇಟ್ಟು, ಹಿಂದಿನ ಲೋಹದ ಟೊಪ್ಪಿಗೆ ಬೆರಳು ತಾಗಿಸಿದರೆ ಬಲ್ಬು ಕೆಂಪಗೆ ಹೊತ್ತಿಕೊಳ್ಳುತ್ತದೆ. ಆಗ 230 ವೋಲ್ಟಿನ ಲೈನಿನ ಕರೆಂಟು ನಮ್ಮ ಮೈಯ ಮೂಲಕವೇ ಹರಿಯುತ್ತಿರುತ್ತದೆ! ರೆಸಿಸ್ಟರ್ ಅದನ್ನು ಒಂದು ಮಿಲಿಆಂಪಿಗಿಂತಲೂ ಕಡಿಮೆಗೆ ತಡೆಯುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಎಷ್ಟು ಅಗ್ಗದ ವಸ್ತುವಿನಲ್ಲಿ ಎಂಥ ಲೆಕ್ಕಾಚಾರ!

ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ಟೆಸ್ಟರ್ ಹೊತ್ತಿದರೆ, ಸಾಮಾನ್ಯವಾಗಿ ಸ್ವಿಚ್ಚನ್ನು ಫೇಸಿಗೆ ಬದಲಾಗಿ ನ್ಯೂಟ್ರಲ್ಲಿಗೆ ಹಾಕಿರುತ್ತಾರೆ. ಬಲ್ಬು ಬದಲಿಸುವವರ ಜೀವಕ್ಕೇ ಕುತ್ತು ತರುವ ತಪ್ಪಿದು. ಹೊತ್ತದಿದ್ದರೆ ಕರೆಂಟಿಲ್ಲ ಎಂದೂ ನಂಬಬಾರದು. ಮೊದಲು ಕರೆಂಟಿರುವ ಸಾಕೆಟ್ಟಿನಲ್ಲಿ ಟೆಸ್ಟರನ್ನೇ ಪರೀಕ್ಷಿಸಿಕೊಳ್ಳಬೇಕು. ಬೋರ್ಡು ಬಿಚ್ಚುವುದಾದರೆ ಮೇನ್ ಸ್ವಿಚ್ ಇಳಿಸಿಯೇ ಕೈ ಹಾಕಬೇಕು.