ಅನುಪಲಬ್ಧಿಯೂ ಅಭಾವವೂ: ಅತ್ಯುಷ್ಣ ಗ್ರಹವೊಂದರ ನೀರಿನ ವಿಚಾರ

ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ನೆಲದ ಮೇಲೆ ಘಟವಿಲ್ಲವೆಂದು ನಿಶ್ಚಯಿಸಬೇಕಾದರೆ, ಇದ್ದಿದ್ದರೆ ಅದು ಕಂಡೇ ಕಾಣುತ್ತಿತ್ತೆಂಬುದು ಮೊದಲು ಸಿದ್ಧವಾಗಬೇಕು. ಕತ್ತಲೆಯಲ್ಲಿ ಈ ನಿಶ್ಚಯಕ್ಕೆ ಎಡೆಯಿಲ್ಲ. ಇದನ್ನೇ ಶಾಸ್ತ್ರಕಾರರು ಯೋಗ್ಯಾನುಪಲಬ್ಧಿ ಎಂದರು. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದೂ, ನೈಯಾಯಿಕರು ಪ್ರತ್ಯಕ್ಷಕ್ಕೆ ಸಹಕಾರಿಯೆಂದೂ ವಾದಿಸಿದರೂ, ಯೋಗ್ಯತೆಯ ನಿಯಮವನ್ನು ಇಬ್ಬರೂ ಬಿಡಲಿಲ್ಲ. ಈ ನಿಯಮದ ಬೆಲೆಯನ್ನು ಇತ್ತೀಚಿನ ಖಗೋಳಶಾಸ್ತ್ರದ ಚರ್ಚೆಯೊಂದರಲ್ಲಿ ಪರಿಶೀಲಿಸಬಹುದು.

ವಾಸ್ಪ್-೧೮ಬಿ ಎಂಬ ಗ್ರಹದ ಶೋಧವು ೨೦೦೯ರಲ್ಲಿ ಪ್ರಕಟವಾಯಿತು. ಅದು ನಮಗೆ ಸುಮಾರು ೪೦೦ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಗುರುಗ್ರಹದ ಸುಮಾರು ೧೦ ಪಾಲು ದ್ರವ್ಯರಾಶಿಯುಳ್ಳದ್ದು. ೨೩ ಗಂಟೆಗಳೊಳಗೆ ತನ್ನ ನಕ್ಷತ್ರವನ್ನು ಒಂದು ಸುತ್ತು ಸುತ್ತುತ್ತದೆ. ನಕ್ಷತ್ರದ ಕಡೆಗೆ ತಿರುಗಿದ ಮುಖದ ಶಾಖ ಸುಮಾರು ೨೭೦೦ ಡಿಗ್ರಿ ಸೆಲ್ಸಿಯಸ್. ಇದರ ಬೆಳಕು ನಕ್ಷತ್ರದ ಬೆಳಕಿನಲ್ಲಿ ಬೆರೆತೇ ನಮಗೆ ತಲುಪುವುದು. ಆದುದರಿಂದ ಗ್ರಹವು ನಕ್ಷತ್ರದ ಮರೆಗೆ ಸರಿದಾಗ ಎಷ್ಟು ಬೆಳಕು ಕಡಿಮೆಯಾಯಿತೆಂದು ಅಳೆದು, ಆ ಕೊರತೆಯನ್ನೇ ಗ್ರಹದ ಬೆಳಕೆಂದು ತಿಳಿಯುತ್ತಾರೆ. ಅದನ್ನು ವರ್ಣಪಟಲವಾಗಿ ಬಿಡಿಸಿದಾಗ ಅಲ್ಲಿಯ ಅನಿಲಗಳ ಗುರುತುಗಳು ದೊರೆಯುತ್ತವೆ.

ಹಬಲ್ ಮತ್ತು ಸ್ಪಿಟ್ಜರ್ ಎಂಬ ಆಕಾಶದೂರದರ್ಶಕಗಳ ಅಳತೆಗಳನ್ನು ಪರಿಶೀಲಿಸಿದ ಒಂದು ಪಂಗಡದ ವಿದ್ವಾಂಸರು ೨೦೧೭ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಅಲ್ಲಿ ಮೇಲೇರಿದಂತೆಲ್ಲ ಶಾಖ ಹೆಚ್ಚುವುದೆಂಬುದು ಒಂದು ಮಾತು. ವಾಯುಮಂಡಲದಲ್ಲಿ ಕಾರ್ಬನ್ ಮಾನಾಕ್ಸೈಡು ತುಂಬಿದೆ, ನೀರಿನ ಆವಿಯಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಮುಂದಿನ ಪರೀಕ್ಷೆಯಲ್ಲಿ ನಿಂತಿತು. ಎರಡನೆಯದಕ್ಕೆ ಆಧಾರವಾದುದು ನೀರಿನ ಗುರುತು ಹಬಲ್ಲಿನ ವರ್ಣಪಟಲದಲ್ಲಿ ಕಾಣಲಿಲ್ಲವೆಂಬುದೇ.

೨೦೧೮ರಲ್ಲಿ ಮತ್ತೊಂದು ಪಂಗಡದವರು ಹಬಲ್ಲಿನ ಅಳತೆಗಳಿಗೆ ಬೇರೆ ಅರ್ಥವನ್ನು ಹೇಳಿದರು. ಅಷ್ಟು ಶಾಖದಲ್ಲಿ ನೀರಿನ ಅಣುಗಳು ಬಹುಮಟ್ಟಿಗೆ ಒಡೆದುಹೋಗುತ್ತವೆ. ಮೇಲಾಗಿ ಒಂದು ಹೆಚ್ಚಿನ ಎಲೆಕ್ಟ್ರಾನನ್ನು ಹೊತ್ತ ಜಲಜನಕದ ಪರಮಾಣುಗಳು ತೆರೆಯಂತೆ ಹಬ್ಬಿ, ಉಳಿದ ನೀರಿನ ಗುರುತನ್ನೂ ಮಸುಕುಮಾಡುತ್ತವೆ. ಹೀಗಿರಲು ಇಲ್ಲಿ ಅನುಪಲಬ್ಧಿಯುಂಟು, ಯೋಗ್ಯತೆಯಿಲ್ಲ. ೨೦೨೩ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಹೆಚ್ಚು ವಿಸ್ತಾರವೂ ಸೂಕ್ಷ್ಮವೂ ಆದ ವರ್ಣಪಟಲದಲ್ಲಿ ನೀರಿನ ಸಣ್ಣ ಗುರುತುಗಳು ಕಂಡವು. ಭಾರವಾದ ಮೂಲವಸ್ತುಗಳು ಸೂರ್ಯನ ೩೦೦ ಪಾಲಿನ ಆಸುಪಾಸಿನಲ್ಲಿರಬೇಕೆಂಬ ಹಿಂದಿನ ಎಣಿಕೆಯೂ ಬಿದ್ದು, ಸೂರ್ಯನ ಪ್ರಮಾಣಕ್ಕೇ ಸಮೀಪವೆಂದು ಗೊತ್ತಾಯಿತು.

ಮೊದಲಿನ ವಿದ್ವಾಂಸರ ವೀಕ್ಷಣೆಯಲ್ಲಿ ದೋಷವಿಲ್ಲ. 'ಕಾಣಲಿಲ್ಲ' ಎಂಬುದರಿಂದ 'ಇಲ್ಲ' ಎಂಬುದಕ್ಕೆ ದಾಟಿದ ಹೆಜ್ಜೆಯಲ್ಲಿ ದೋಷವಿದೆ. ಹೊಸ ಉಪಕರಣದ ಫಲಿತಾಂಶವು ಪ್ರಕಟವಾಗುವುದಕ್ಕೆ ಐದು ವರ್ಷ ಮೊದಲೇ ವಿಚಾರವು ಆ ಹೆಜ್ಜೆಯನ್ನು ತಡೆದಿತ್ತೆಂಬುದೇ ಇಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದು.

ನಮ್ಮ ಸಾಹಿತ್ಯಚರಿತ್ರೆಯಲ್ಲಿಯೂ ಇದೇ ಹೆಜ್ಜೆಯನ್ನು ಇಡುವವರು ವಿರಳರಲ್ಲ. ಕವಿರಾಜಮಾರ್ಗದಲ್ಲಿ ವಿಮಳ, ಉದಯ, ನಾಗಾರ್ಜುನ ಮೊದಲಾದವರ ಹೆಸರುಗಳಿವೆ. ಅವರ ಗ್ರಂಥಗಳು ನಮಗೆ ದೊರೆತಿಲ್ಲ. ಆ ಒಂದು ಗ್ರಂಥವೂ ಉಳಿಯದಿದ್ದರೆ ಅಂಥವರು ಇರಲೇ ಇಲ್ಲವೆಂದು ಸಾಧಿಸುವುದು ಸುಲಭವಾಗುತ್ತಿತ್ತು. ಓಲೆಯನ್ನು ಹುಳು ತಿನ್ನುವುದೂ ನೀರಿನ ಅಣುವನ್ನು ಶಾಖವು ಒಡೆಯುವುದೂ ಬೇರೆ ಬೇರೆ ಕಾರಣಗಳೇ ಸರಿ. ಎರಡೂ ಕಡೆ ಯೋಗ್ಯತೆಗೆ ಬರುವ ಲೋಪ ಒಂದೇ ಬಗೆಯದು. ಒಬ್ಬ ಕವಿಯ ಅಥವಾ ಒಂದು ಗ್ರಂಥದ ಅಭಾವವನ್ನು ಹೇಳಹೊರಡುವವರು, ಅದು ಇದ್ದಿದ್ದರೆ ಯಾವ ಶಾಸನದಲ್ಲಿ, ಯಾವ ಪ್ರತಿಯಲ್ಲಿ, ಯಾರ ಮಾತಿನಲ್ಲಿ ಕಾಣಲೇಬೇಕಾಗಿತ್ತೆಂಬುದನ್ನು ಮೊದಲು ತೋರಿಸಲಿ.