ಕಿರೀಟ ಇದ್ದವರೆಲ್ಲ ಸಾರಥಿ ಆಗೋಲ್ಲ

2011ರ ಫೆಬ್ರವರಿ 28, ಸೋಮವಾರ. ಹಿಂದಿನ ರಾತ್ರಿ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಭಾರತ–ಇಂಗ್ಲೆಂಡ್ ವಿಶ್ವಕಪ್ ಮ್ಯಾಚು ಟೈ ಆಗಿತ್ತು. ಅದೇ ಗುಂಗಲ್ಲಿ ನಿದ್ದೆ ಬಂದಾಗ ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ. ಆದ್ರೂ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕಾಫಿ ಲೋಟ ಹಿಡ್ಕೊಂಡು ಟಿವಿ ಮುಂದೆ ಕೂತಿದ್ದೆ. ಕಾರಣ ಎ.ಆರ್. ರೆಹಮಾನ್. '127 ಅವರ್ಸ್' ಸಿನಿಮಾದ ಸಂಗೀತಕ್ಕೂ ಹಾಡಿಗೂ ಅವರ ಹೆಸರು ಆಸ್ಕರ್ ಪಟ್ಟಿಯಲ್ಲಿತ್ತು.

ರೆಹಮಾನ್‌ಗೆ ಎರಡೂ ಸಿಗಲಿಲ್ಲ. ಆ ಬೇಜಾರು ಎರಡು ದಿನದಲ್ಲಿ ಹೋಯ್ತು. ಆದರೆ ಅವತ್ತು ವೇದಿಕೆ ಮೇಲೆ ನಿಂತಿದ್ದ ಇಬ್ಬರು ನಿರೂಪಕರ ಮುಖ ಮಾತ್ರ ವರ್ಷ ಕಳೆದ್ರೂ ಮರೆತಿಲ್ಲ. ಜೇಮ್ಸ್ ಫ್ರಾಂಕೋ, ಆನ್ ಹ್ಯಾಥವೇ. ಅವನಿಗೆ 32, ಅವಳಿಗೆ 28. ಇಬ್ಬರೂ ಒಳ್ಳೆ ನಟರು. ಹ್ಯಾಥವೇ ಮೈಯೆಲ್ಲಾ ಉತ್ಸಾಹ ಮಾಡ್ಕೊಂಡು ಬಟ್ಟೆ ಮೇಲೆ ಬಟ್ಟೆ ಬದಲಿಸಿದಳು, ಹಾಡಿದಳು, ಪ್ರತಿ ಜೋಕಿಗೂ ತಾನೇ ನಕ್ಕಳು. ಫ್ರಾಂಕೋ ಕಣ್ಣು ಅರ್ಧ ಮುಚ್ಚಿದ ಹಾಗೆ, ರಾತ್ರಿಯೆಲ್ಲಾ ರಿಲೀಸ್ ಮಾಡಿ ಬೆಳಿಗ್ಗೆ ಮೀಟಿಂಗಿಗೆ ಬಂದವನ ಹಾಗೆ ನಿಂತಿದ್ದ. ನಡುವೆ ಮರ್ಲಿನ್ ಮನ್ರೋ ಥರ ಗುಲಾಬಿ ಗೌನು ತೊಟ್ಟು ಬಂದ. ಸ್ಟೇಜಿನ ಹಿಂದೆ ಹೋದಾಗಲೆಲ್ಲಾ ಮೊಬೈಲಿನಿಂದ ಟ್ವೀಟ್ ಹಾಕ್ತಿದ್ದ. ಒಬ್ಬಳು ಇಬ್ಬರ ಕೆಲಸ ಮಾಡ್ತಿದ್ದಳು, ಇನ್ನೊಬ್ಬ ಯಾರ ಕೆಲಸವನ್ನೂ ಮಾಡ್ತಿರಲಿಲ್ಲ.

ಮಾರನೇ ದಿನದಿಂದ ಫ್ರಾಂಕೋಗೆ ಬೈಗುಳವೋ ಬೈಗುಳ. ಸೋಮಾರಿ ಅಂದ್ರು, ಅಹಂಕಾರಿ ಅಂದ್ರು. ನನಗೆ ಆ ಬೈಗುಳ ಅಡ್ರೆಸ್ ತಪ್ಪಿ ಹೋಗಿದೆ ಅನ್ನಿಸ್ತು. ಅದು ಹೋಗಬೇಕಾದದ್ದು ಅವನನ್ನು ಅಲ್ಲಿ ತಂದು ನಿಲ್ಲಿಸಿದವರಿಗೆ.

ಅವರು ಯಾಕೆ ತಂದು ನಿಲ್ಲಿಸಿದರು ಅನ್ನೋದೇನೂ ಗುಟ್ಟಲ್ಲ. ವೇದಿಕೆ ಹತ್ತಿದ ಐದು ನಿಮಿಷದಲ್ಲಿ ಇಬ್ಬರೂ ಅದನ್ನೇ ಜೋಕ್ ಮಾಡಿದ್ರು: ಯುವ ಪ್ರೇಕ್ಷಕರನ್ನು ಸೆಳೆಯಲು ನಮ್ಮನ್ನು ಕರೆಸಿದ್ದಾರೆ ಅಂತ. ಆಸ್ಕರ್ ನೋಡುವವರಿಗೆ ವಯಸ್ಸಾಗ್ತಿದೆ, ಹುಡುಗರು ಟಿವಿ ಬಿಟ್ಟು ಕಂಪ್ಯೂಟರ್ ಹಿಡಿದಿದ್ದಾರೆ, ಹಾಗಾಗಿ ಹುಡುಗರನ್ನೇ ನಿಲ್ಲಿಸಿದ್ರೆ ಹುಡುಗರು ಬರ್ತಾರೆ. ಯಾವುದೋ ಮೀಟಿಂಗ್ ರೂಮಿನಲ್ಲಿ ಪವರ್‌ಪಾಯಿಂಟ್ ಹಾಕಿ ಈ ತೀರ್ಮಾನಕ್ಕೆ ಬಂದಿರ್ತಾರೆ. ಅಂಥ ರೂಮುಗಳಲ್ಲಿ ನಾವೂ ಕೂತಿದ್ದೀವಲ್ಲ, ಅಲ್ಲಿ ಎಂಥೆಂಥ ಐಡಿಯಾ ಪಾಸಾಗುತ್ತೆ ಅಂತ ನಮಗೆ ಗೊತ್ತು.

ಫಲ ಏನಾಯ್ತು? 2010ರಲ್ಲಿ ಸ್ಟೀವ್ ಮಾರ್ಟಿನ್, ಅಲೆಕ್ ಬಾಲ್ಡ್‌ವಿನ್ ಎಂಬ ಇಬ್ಬರು ಹಿರಿಯರು ನಡೆಸಿಕೊಟ್ಟಾಗ ಅಮೆರಿಕದಲ್ಲಿ ಸುಮಾರು 4 ಕೋಟಿ 10 ಲಕ್ಷ ಜನ ನೋಡಿದ್ರು. ಈ ಹುಡುಗರ ವರ್ಷ ಅದು 3 ಕೋಟಿ 80 ಲಕ್ಷದ ಆಸುಪಾಸಿಗೆ ಇಳೀತು. ಹಾಗಂತ ಈ ಇಳಿತಕ್ಕೂ ಫ್ರಾಂಕೋನೇ ಕಾರಣ ಅಂದ್ರೆ ನಾನೊಪ್ಪಲ್ಲ. 1998ರಲ್ಲಿ ಐದೂವರೆ ಕೋಟಿ ಜನ ಆಸ್ಕರ್ ನೋಡಿದ್ದು ಬಿಲ್ಲಿ ಕ್ರಿಸ್ಟಲ್ ನಿರೂಪಣೆಗೆ ಅಂತೀರಾ? ಅದು 'ಟೈಟಾನಿಕ್' ವರ್ಷ. ತಾವು ಮೂರು ಸಲ ಅತ್ತು ನೋಡಿದ ಸಿನಿಮಾಕ್ಕೆ ಎಷ್ಟು ಬರುತ್ತೆ ನೋಡೋಣ ಅಂತ ಜನ ಕೂತಿದ್ರು. 2008ರಲ್ಲಿ ಜಾನ್ ಸ್ಟೀವರ್ಟ್ ಇದ್ದಾಗ ಸುಮಾರು 3 ಕೋಟಿ 20 ಲಕ್ಷಕ್ಕೆ ಕುಸೀತು. ಅವರ ತಮಾಷೆ ಕೆಟ್ಟದ್ದಾಗಿತ್ತು ಅಂತಲ್ಲ. 'ನೋ ಕಂಟ್ರಿ ಫಾರ್ ಓಲ್ಡ್ ಮೆನ್' ಟೈಟಾನಿಕ್‌ನಷ್ಟು ಮನೆ ಮುಟ್ಟಿರಲಿಲ್ಲ. ನನ್ನನ್ನೇ ತಗೊಳ್ಳಿ: ನಾನು ಏಳಕ್ಕೆ ಎದ್ದದ್ದು ರೆಹಮಾನ್‌ಗಾಗಿ, ಫ್ರಾಂಕೋಗಾಗಿ ಅಲ್ಲ. ನಿರೂಪಕನನ್ನು ನೋಡಲು ಯಾರೂ ಟಿವಿ ಹಾಕಲ್ಲ. ಆದರೆ ನಿರೂಪಕ ಸರಿ ಇಲ್ಲದಿದ್ರೆ ಹಾಕಿದ ಟಿವಿ ಆರಿಸ್ತಾರೆ.

ಹಾಗಾದ್ರೆ ನಿರೂಪಕನ ಕೆಲಸ ಏನು?

ನಮ್ಮೂರು ಹಾವೇರಿ ಕಡೆ. ಸುಗ್ಗಿ ಮುಗಿದ ಮೇಲೆ ದೊಡ್ಡಾಟ ಆಡ್ತಿದ್ರು, ರಾತ್ರಿಯಿಂದ ಬೆಳಗಿನವರೆಗೆ. ರಾಜ ಕಿರೀಟ, ಭುಜಕೀರ್ತಿ ಕಟ್ಕೊಂಡು ಅಟ್ಟ ಅಲ್ಲಾಡೋ ಹಾಗೆ ಕುಣೀತಾ ಬರ್ತಾನೆ. ಅವನನ್ನು ತಡೆದು ನಿಲ್ಲಿಸೋನು ಸಾರಥಿ. ತಾವು ಯಾರು, ಯಾವ ಪಟ್ಟಣದವರು, ಬಂದ ಕಾರಣ ಏನು ಅಂತ ಕೇಳ್ತಾನೆ. ರಾಜ ದೊಡ್ಡ ದೊಡ್ಡ ಮಾತಲ್ಲಿ ಪರಾಕ್ರಮ ಹೇಳ್ಕೊಳ್ತಾನೆ. ಸಾರಥಿ ನಮ್ಮ ಮಾತಲ್ಲಿ, ನಾವು ಕೇಳಬೇಕು ಅಂತಿದ್ದದ್ದನ್ನೇ ಕೇಳ್ತಾನೆ. ನಡುವೆ ಊರಗೌಡರ ಎಮ್ಮೆ ಕಳೆದ ಸುದ್ದಿಯನ್ನೂ ತೂರಿಸ್ತಾನೆ. ರಾಜನ ವೇಷದವನು ಬೆಳಗಿನ ಜಾವಕ್ಕೆ ಸತ್ತು ಹೋಗ್ತಾನೆ. ಸಾರಥಿ ರಾತ್ರಿಯೆಲ್ಲಾ ಎಚ್ಚರ ಇರಬೇಕು. ಮುಂದಿನ ಸಾಲಿನ ಹುಡುಗರು ತೂಕಡಿಸಿದ್ರೆ ಅವನಿಗೆ ಗೊತ್ತಾಗಬೇಕು, ಒಳಗೆ ರಾಕ್ಷಸನ ಬಣ್ಣ ಇನ್ನೂ ಒಣಗಿಲ್ಲ ಅಂದ್ರೂ ಗೊತ್ತಾಗಬೇಕು.

ಆಸ್ಕರ್ ನಿರೂಪಕನ ಕೆಲಸವೂ ಇದೇ. ಸ್ಟಾರ್ ಅಂದ್ರೆ ಎಲ್ಲರೂ ನೋಡೋ ಮನುಷ್ಯ. ನಿರೂಪಕ ಅಂದ್ರೆ ಎಲ್ಲರನ್ನೂ ನೋಡ್ತಾ ಇರೋ ಮನುಷ್ಯ. ಎರಡೂ ಬೇರೆ ಬೇರೆ ಕಸುಬು. ಒಂದರಲ್ಲಿ ಹೆಸರು ಮಾಡಿದವನಿಗೆ ಇನ್ನೊಂದು ತಾನಾಗೇ ಬರೋಲ್ಲ.

1992ರ ಸಮಾರಂಭವನ್ನು ನೋಡಿ. 'ಸಿಟಿ ಸ್ಲಿಕರ್ಸ್' ಸಿನಿಮಾಕ್ಕೆ ಪೋಷಕ ನಟ ಪ್ರಶಸ್ತಿ ತಗೊಂಡ ಜ್ಯಾಕ್ ಪ್ಯಾಲನ್ಸ್, ಎಪ್ಪತ್ತು ದಾಟಿದ ಮುದುಕ, ವೇದಿಕೆ ಮೇಲೆ ಒಂದೇ ಕೈಯಲ್ಲಿ ದಂಡ ಹೊಡೆದ. ಬರೆದಿಟ್ಟಿದ್ದ ಸ್ಕ್ರಿಪ್ಟಿನಲ್ಲಿ ಇದೆಲ್ಲಿಂದ ಬರಬೇಕು? ನಿರೂಪಕ ಬಿಲ್ಲಿ ಕ್ರಿಸ್ಟಲ್ ಅದನ್ನೇ ಹಿಡ್ಕೊಂಡು ರಾತ್ರಿಯಿಡೀ ಪ್ಯಾಲನ್ಸ್ ಎಲ್ಲಿದ್ದಾನೆ, ಈಗೇನು ಮಾಡ್ತಿದ್ದಾನೆ ಅಂತ ಒಂದಾದ ಮೇಲೊಂದು ಜೋಕು ಹೆಣೆದ. ಅದೇ ಸಂಜೆ ನೂರು ವರ್ಷದ ಹಾಲ್ ರೋಚ್ ಸಭೆಯಲ್ಲಿ ಎದ್ದು ನಿಂತು ಮಾತಾಡೋಕೆ ಶುರು ಮಾಡಿದ್ರು. ಕೈಯಲ್ಲಿ ಮೈಕಿಲ್ಲ, ಯಾರಿಗೂ ಏನೂ ಕೇಳ್ತಿಲ್ಲ. ಎಲ್ಲರಿಗೂ ಮುಜುಗರ. ಪರವಾಗಿಲ್ಲ ಬಿಡಿ, ಇವರು ಶುರು ಮಾಡಿದ್ದೇ ಮೂಕಿ ಚಿತ್ರಗಳಲ್ಲಿ ಅಲ್ವಾ ಅಂದ ಕ್ರಿಸ್ಟಲ್. ಸಭೆ ನಕ್ಕಿತು, ಮುದುಕರ ಮರ್ಯಾದೆಯೂ ಉಳೀತು.

ಇದನ್ನು ಓದುವಾಗಲೆಲ್ಲಾ ನನಗೆ ನನ್ನ ಕಥೆ ನೆನಪಾಗುತ್ತೆ. ಹಿಂದೆ ಕೆಲಸ ಮಾಡ್ತಿದ್ದ ಕಂಪನಿಯಲ್ಲಿ ಆನ್ಯುಯಲ್ ಡೇಗೆ ನನ್ನನ್ನು ಕಾಂಪಿಯರ್ ಮಾಡಿದ್ರು. 'ಫ್ರೆಶ್ ಫೇಸ್ ಬೇಕು' ಅಂತ. ಬಾಡಿಗೆ ಬ್ಲೇಜರ್ ಹಾಕಿ, ಕೈಯಲ್ಲಿ ಕಾರ್ಡು ಹಿಡಿದು ನಿಂತೆ. ಮೂರನೇ ಐಟಮ್ಮಿಗೆ ಮೈಕ್ ಕೆಟ್ಟಿತು. ನಾಲ್ಕೈದು ನಿಮಿಷ ಇದ್ದಿರಬೇಕು. ನಾನು ನಗ್ತಾ ನಿಂತಿದ್ದೆ, ಅಷ್ಟೇ. ಕಾರ್ಡಿನಲ್ಲಿ ಅದಕ್ಕೆ ಏನೂ ಬರೆದಿರಲಿಲ್ಲ. ಕೊನೆಗೆ ನಮ್ಮ ಅಡ್ಮಿನ್‌ನವರೊಬ್ಬರು ಕೆಳಗಿನಿಂದಲೇ ದೊಡ್ಡ ದನಿಯಲ್ಲಿ ಮಕ್ಕಳನ್ನೆಲ್ಲಾ ಮುಂದೆ ಕರೆದು ಪ್ರಾಸದ ಆಟ ಆಡಿಸಿದ್ರು. ಅವರ ಮುಖ ಯಾವ ಪೋಸ್ಟರಿಗೂ ಆಗ್ತಿರಲಿಲ್ಲ. ಊರಿಗೆ ಹೋದಾಗ, ಮೂವತ್ತು ವರ್ಷ ಸಾರಥಿ ಪಾತ್ರ ಮಾಡಿದ ನಮ್ಮ ಕಾಕಾಗೆ ಇದನ್ನು ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಅಂದ್ರು: "ತಮ್ಮಾ, ರಾಜಾ ಆಗಾಕ ಕಿರೀಟ ಇದ್ರ ಸಾಕೋ. ಸಾರಥಿ ಆಗಾಕ ಕಿವಿ ಬೇಕು."

ಫ್ರಾಂಕೋ ನಗು ನೋಡಿದಾಗ ನನಗೆ ಕಂಡದ್ದು ಆ ಬ್ಲೇಜರಿನ ನಾನು. ಅದಕ್ಕೇ ಬೈಯೋಕೆ ಮನಸ್ಸು ಬರಲಿಲ್ಲ.

ಹಾಗಂತ ನಟರು ಈ ಕೆಲಸಕ್ಕೆ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. 2009ರಲ್ಲಿ ಹ್ಯೂ ಜಾಕ್‌ಮನ್ ನಡೆಸಿಕೊಟ್ಟದ್ದನ್ನು ನಾವೆಲ್ಲಾ ನೋಡಿದ್ದೀವಿ, ರೆಹಮಾನ್ ಎರಡು ಆಸ್ಕರ್ ಹಿಡಿದ ವರ್ಷ. ಆರ್ಥಿಕ ಹಿಂಜರಿತಕ್ಕೆ ಬಜೆಟ್ ಕಟ್ ಆಗಿದೆ ಅಂತ ಹೇಳಿ, ರಟ್ಟಿನ ಸೆಟ್ಟುಗಳ ನಡುವೆ ಕುಣಿದು ಹಾಡಿದ ಮನುಷ್ಯ. ಸಭೆಯಲ್ಲಿ ಕೂತಿದ್ದ ಹ್ಯಾಥವೇಯನ್ನು ವೇದಿಕೆಗೆ ಎತ್ತಿಕೊಂಡು ಬಂದು ಹಾಡಿಸಿದ್ದೂ ಅವನೇ. ಆದರೆ ಜಾಕ್‌ಮನ್ ಬರೀ 'ವುಲ್ವರಿನ್' ಅಲ್ಲ. ಬ್ರಾಡ್‌ವೇ ರಂಗದಲ್ಲಿ ಪಳಗಿದವನು, 'ದ ಬಾಯ್ ಫ್ರಂ ಆಜ್' ನಾಟಕಕ್ಕೆ ಟೋನಿ ಪ್ರಶಸ್ತಿ ಪಡೆದವನು, 2003ರಿಂದ ಮೂರು ವರ್ಷ ಅದೇ ಟೋನಿ ಸಮಾರಂಭ ನಡೆಸಿದವನು. ಎದುರಿಗೆ ಜೀವಂತ ಜನ ಕೂತಿರುವಾಗ ಮಾಡೋ ಕೆಲಸ ಅವನಿಗೆ ಹೊಸದಲ್ಲ. ಸಿನಿಮಾ ನಟನಿಗೆ ಇನ್ನೊಂದು ಟೇಕ್ ಇರುತ್ತೆ, ರಂಗದವನಿಗೆ ಇರಲ್ಲ. ಹಿಂದೆ 1974ರಲ್ಲಿ ಒಬ್ಬ ಮೈಮೇಲೆ ಬಟ್ಟೆಯಿಲ್ಲದೆ ವೇದಿಕೆ ಮೇಲೆ ಓಡಿದಾಗ ಡೇವಿಡ್ ನಿವೆನ್ ಒಂದೇ ಮಾತಲ್ಲಿ ಅವನ ಮಾನ ತೆಗೆದು ಸಭೆಯನ್ನು ಹತೋಟಿಗೆ ತಂದದ್ದು ಇವತ್ತಿಗೂ ಮಾತಾಡ್ತಾರೆ. ಅವರೂ ನಟರೇ. ಇನ್ನೊಂದು ಕಡೆ, ದಿನಾ ರಾತ್ರಿ ಟಿವಿಯಲ್ಲಿ ನಗಿಸುತ್ತಿದ್ದ ಡೇವಿಡ್ ಲೆಟರ್‌ಮನ್ 1995ರಲ್ಲಿ ಓಪ್ರಾ, ಉಮಾ ಅಂತ ಎರಡು ಹೆಸರನ್ನು ಜಗ್ಗಿ ಜಗ್ಗಿ ಹೇಳಿ ಎಡವಿದ್ರು. ತಮ್ಮ ಸ್ಟುಡಿಯೋದ ಜೋಕನ್ನು ಇನ್ನೊಬ್ಬರ ಮನೆ ಮದುವೆಗೆ ಹೊತ್ತು ತಂದಿದ್ರು. ಹಾಗಾಗಿ ನಟನೋ ಹಾಸ್ಯಗಾರನೋ ಅನ್ನೋದು ಮುಖ್ಯವಲ್ಲ.

ಫ್ರಾಂಕೋ ಆಯ್ಕೆಯಲ್ಲಿ ಇನ್ನೊಂದು ಎಡವಟ್ಟಿತ್ತು. '127 ಅವರ್ಸ್'ಗಾಗಿ ಅವನೇ ಅತ್ಯುತ್ತಮ ನಟ ಪ್ರಶಸ್ತಿಯ ಸ್ಪರ್ಧೆಯಲ್ಲಿದ್ದ. ಅವತ್ತೇ ಕಾಲಿನ್ ಫರ್ತ್ ಎದುರು ಸೋಲಬೇಕಾದವನು ಅವತ್ತೇ ಮನೆಯವನ ಹಾಗೆ ನಿಂತು ಎಲ್ಲರನ್ನೂ ನಗಿಸಬೇಕು. ಹತ್ತೊಂಬತ್ತು ಸಲ ಆಸ್ಕರ್ ನಡೆಸಿಕೊಟ್ಟ ಬಾಬ್ ಹೋಪ್ ಸ್ಪರ್ಧೆಯಲ್ಲಿ ಒಂದೂ ಆಸ್ಕರ್ ಗೆದ್ದವರಲ್ಲ. ತಮಗೆ ಬರಲಿಲ್ಲ ಅನ್ನೋದನ್ನೇ ವರ್ಷ ವರ್ಷ ಜೋಕ್ ಮಾಡಿದ್ರು. ಹೊರಗೆ ನಿಂತವನಿಗೆ ಆ ಸ್ವಾತಂತ್ರ್ಯ ಇರುತ್ತೆ. ಪಂಕ್ತಿಯಲ್ಲಿ ಊಟಕ್ಕೆ ಕೂತವನ ಕೈಗೆ ಬಡಿಸೋ ಸೌಟು ಕೊಟ್ರೆ ಅವನು ಉಣ್ಣಬೇಕೋ ಬಡಿಸಬೇಕೋ?

ಆ ಬೆಳಿಗ್ಗೆ ನಾನು ನಿಜವಾಗಿ ನಕ್ಕಿದ್ದು ಯಾವಾಗ ಗೊತ್ತಾ? 94 ವರ್ಷದ ಕರ್ಕ್ ಡಗ್ಲಸ್ ಬಂದಾಗ. ಪಾರ್ಶ್ವವಾಯುವಿನಿಂದ ಮಾತು ತೊದಲುತ್ತಿತ್ತು. ಆದ್ರೂ ಪೋಷಕ ನಟಿಯ ಹೆಸರು ಹೇಳದೆ, ಇನ್ನೇನು ಹೇಳ್ತಾರೆ ಅನ್ನುವಾಗ ಮತ್ತೇನೋ ಹೇಳಿ ಎಲ್ಲರನ್ನೂ ಕಾಯಿಸಿದ್ರು. ಎದುರಿಗಿದ್ದವರ ಉಸಿರು ಅವರಿಗೆ ಕೇಳಿಸ್ತಿತ್ತು. ಯುವಕರಿಗಾಗಿ ಮಾಡಿದ ಕಾರ್ಯಕ್ರಮದಲ್ಲಿ ಅತಿ ಯುವಕ ಅವರೇ. ಕೊನೆ ಕೊನೆಗೆ ಬಿಲ್ಲಿ ಕ್ರಿಸ್ಟಲ್ ಸುಮ್ಮನೆ ಅತಿಥಿಯಾಗಿ ಬಂದಾಗ ಸಭೆ ಎದ್ದು ನಿಂತು ಚಪ್ಪಾಳೆ ಹೊಡೀತು. ಆ ಚಪ್ಪಾಳೆಯಲ್ಲಿ ಅರ್ಧ ಪ್ರೀತಿ, ಇನ್ನರ್ಧ 'ಅಬ್ಬಾ, ದೊಡ್ಡವರೊಬ್ಬರು ಬಂದ್ರಪ್ಪ' ಅನ್ನೋ ನಿರಾಳ.

ಆ ಚಪ್ಪಾಳೆಯನ್ನು ಅಕಾಡೆಮಿ ತಪ್ಪಾಗಿ ಓದಿತು ಅನ್ನೋದಕ್ಕೆ 2012ರ ಆಸ್ಕರ್ ಸಾಕ್ಷಿ. ಆ ಸಲ ಮೊದಲು ಆರಿಸಿದ್ದು ಎಡ್ಡಿ ಮರ್ಫಿಯನ್ನು. ನಿರ್ಮಾಪಕ ಬ್ರೆಟ್ ರ‍್ಯಾಟ್ನರ್ ಸಲಿಂಗಿಗಳ ಬಗ್ಗೆ ಕೆಟ್ಟದಾಗಿ ಮಾತಾಡಿ ನವೆಂಬರಿನಲ್ಲಿ ಜಾಗ ಖಾಲಿ ಮಾಡಬೇಕಾಯ್ತು, ಅವನ ಹಿಂದೆಯೇ ಮರ್ಫಿಯೂ ಹೊರಟ. ಆಗ ಓಡಿ ಹೋಗಿ ಕರೆತಂದದ್ದು 63 ವರ್ಷದ ಬಿಲ್ಲಿ ಕ್ರಿಸ್ಟಲ್‌ರನ್ನು, ಒಂಬತ್ತನೇ ಸಲ. ಹುಡುಗರು ಕೆಡಿಸಿದ್ರು, ಹಿರಿಯರನ್ನು ಕರೀರಿ. ಅಂದ್ರೆ ಅವರ ಲೆಕ್ಕದಲ್ಲಿ ಆಗಲೂ ಸಮಸ್ಯೆ ವಯಸ್ಸಿನದ್ದೇ!

ಕ್ರಿಸ್ಟಲ್ ಕೆಲಸ ಬಲ್ಲವರು. ಕೊಡಾಕ್ ಕಂಪನಿ ದಿವಾಳಿ ಎದ್ದು ಥಿಯೇಟರಿನ ಹೆಸರೇ ಇಲ್ಲದಂತಾಗಿದ್ದನ್ನು ಮೊದಲ ಮಾತಲ್ಲೇ ಹಿಡಿದ್ರು. ನಕ್ಕೆ. ಆದರೆ ಉಳಿದದ್ದೆಲ್ಲಾ ಹಳೇ ಅಚ್ಚು: ಸಿನಿಮಾ ದೃಶ್ಯಗಳಲ್ಲಿ ತಾನು ನುಸುಳೋದು, ನಾಮನಿರ್ದೇಶನಗೊಂಡ ಚಿತ್ರಗಳ ಹೆಸರು ಕಟ್ಟಿ ಹಾಡೋದು. ಸ್ಯಾಮಿ ಡೇವಿಸ್ ಜೂನಿಯರ್ ಆಗಲು ಮುಖಕ್ಕೆ ಕಪ್ಪು ಬಳಿದುಕೊಂಡದ್ದು 2012ರಲ್ಲಿ ಯಾರಿಗೂ ನಗು ತರಿಸೋ ವಿಷಯವಲ್ಲ. ಅದಕ್ಕೂ ಇಪ್ಪತ್ತು ವರ್ಷ ಹಿಂದೆ ಸಭೆಯ ಕಡೆ ತಿರುಗಿದ್ದ ಕಿವಿ ಆಗ ತನ್ನದೇ ಹಳೇ ಕ್ಯಾಸೆಟ್ಟಿನ ಕಡೆ ತಿರುಗಿತ್ತು. ಇಷ್ಟರ ನಡುವೆ ಆರಂಭದ ವಿಡಿಯೋದಲ್ಲಿ ಜಸ್ಟಿನ್ ಬೀಬರ್ ಬಂದು, 18ರಿಂದ 24ರ ವಯಸ್ಸಿನವರಿಗಾಗಿ ತನ್ನನ್ನು ಕರೆಸಿದ್ದಾರೆ ಅಂತ ಹೇಳಿ ಹೋದ. ಹಿಂದಿನ ವರ್ಷದ ಜೋಕೇ, ಮುಖ ಮಾತ್ರ ಬೇರೆ. ನೋಡಿದವರ ಸಂಖ್ಯೆ ಸ್ವಲ್ಪ ಏರಿ 3 ಕೋಟಿ 90 ಲಕ್ಷದ ಹತ್ತಿರ ಬಂತಂತೆ. ಮೀಟಿಂಗ್ ರೂಮಿನಲ್ಲಿ ಅದಕ್ಕೊಂದು ಸ್ಲೈಡ್ ಆಗಿರುತ್ತೆ.

ನನಗೆ ಇದರಲ್ಲಿ ಚುಚ್ಚೋದು ಒಂದೇ. ಯಾರನ್ನು ಸೆಳೆಯಬೇಕು ಅಂತ ಇಷ್ಟೆಲ್ಲಾ ಒದ್ದಾಡ್ತಾರೋ ಆ ಯುವ ಪ್ರೇಕ್ಷಕರು ಅಂದ್ರೆ ನೀವು, ನಾನು. ನಮ್ಮ ವಯಸ್ಸಿನ ಒಂದು ಮುಖ ನಿಲ್ಲಿಸಿದ್ರೆ ಸಾಕು, ಮೂರು ಗಂಟೆ ಬಾಯಿ ಬಿಟ್ಕೊಂಡು ನೋಡ್ತಾರೆ ಅಂತ ನಮ್ಮ ಬಗ್ಗೆ ಅವರ ಅಂದಾಜು. ದೊಡ್ಡಾಟದ ಮುಂದಿನ ಸಾಲಿನಲ್ಲಿ ಕೂತಾಗ ನನಗೆ ಎಂಟು ವರ್ಷ, ನಮ್ಮ ಕಾಕಾಗೆ ಐವತ್ತು. ನನ್ನನ್ನು ಎಚ್ಚರ ಇಡಲು ಅವರು ಎಂಟು ವರ್ಷದ ಹುಡುಗನ ವೇಷ ಹಾಕಲಿಲ್ಲ. ನಾನು ತೂಕಡಿಸೋದನ್ನು ನೋಡಿದ್ರು, ನನ್ನ ಹೆಸರು ಹಿಡಿದು ರಾಜನ ಹತ್ರ ಚಾಡಿ ಹೇಳಿದ್ರು. ಊರೆಲ್ಲಾ ನಕ್ಕಿತು, ಆಮೇಲೆ ಬೆಳಗಾಗೋವರೆಗೆ ನಾನು ಕಣ್ಣು ಮುಚ್ಚಲಿಲ್ಲ.

ಮುಂದಿನ ಆಸ್ಕರ್‌ಗೆ ಮತ್ತೆ ಹೆಸರು ಹುಡುಕ್ತಾರೆ. ಹುಡುಕೋರಿಗೆ ನನ್ನದೊಂದು ಸಲಹೆ. ವಯಸ್ಸು, ಬಾಕ್ಸ್ ಆಫೀಸು, ಫಾಲೋವರ್ ಲೆಕ್ಕ ಎಲ್ಲಾ ಪಕ್ಕಕ್ಕಿಡಿ. ಅಭ್ಯರ್ಥಿಯನ್ನು ನೂರು ಜನರ ಮುಂದೆ ನಿಲ್ಲಿಸಿ, ಐದು ನಿಮಿಷಕ್ಕೆ ಮೈಕ್ ಆಫ್ ಮಾಡಿ. ನಗ್ತಾ ನಿಂತವನನ್ನು ಗೌರವದಿಂದ ಮನೆಗೆ ಕಳಿಸಿ, ಅವನಿಗೆ ಬೇರೆ ಒಳ್ಳೆ ಕೆಲಸ ಇದೆ. ಜನರ ಕಡೆ ಎರಡು ಹೆಜ್ಜೆ ಮುಂದೆ ಬಂದವನನ್ನು ಇಟ್ಕೊಳ್ಳಿ.